‘ಕೊಟ್ಟೂರು’ ಎಂದು ಟೈಪಿಸಿದರೆ ಹದಿನೆಂಟು ಕರೆ

ಕಂಪ್ಯೂಟರಿನ ಮುಂದೆ ಕೂತು ಕನ್ನಡದಲ್ಲಿ ನಮ್ಮ ಊರಿನ ಹೆಸರು ‘ಕೊಟ್ಟೂರು’ ಎಂದು ಟೈಪ್ ಮಾಡಿ ನೋಡಿ. ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ನಿಮ್ಮ ಯಂತ್ರದಲ್ಲಿದ್ದರೆ ಬೆರಳು ಹೀಗೆ ಓಡುತ್ತದೆ: ಕೆ, ಒ, ಕ್ಯೂ, ಎಫ್, ಮತ್ತೆ ಕ್ಯೂ, ಶಿಫ್ಟ್ ಹಿಡಿದು ಯು, ಆರ್, ಯು. ಶಿಫ್ಟ್ ಸೇರಿ ಒಟ್ಟು ಒಂಬತ್ತು ಕೀಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ಡಿಟಿಪಿ ಅಂಗಡಿಯಲ್ಲಾದರೂ ಟೈಪ್ ಮಾಡುವವರ ಬೆರಳು ನೋಡಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಈ ಪದ ಮುಗಿದಿರುತ್ತದೆ.

ಆ ಒಂಬತ್ತು ಕೀಲಿಗೆ ಕಂಪ್ಯೂಟರು ಎಷ್ಟು ಸಲ ತನ್ನ ಕೆಲಸ ನಿಲ್ಲಿಸಿತು ಗೊತ್ತೇ? ಗುಂಡನೆಯ ಪ್ಲಗ್ಗಿನ ಕೀಲಿಮಣೆ ಇರುವ ಹಳೆಯ ಪಿಸಿ ಆಗಿದ್ದರೆ ಹದಿನೆಂಟು ಸಲ. ಕೀಲಿಯನ್ನು ಒತ್ತಿದಾಗ ಒಂದು ಸಲ, ಬಿಟ್ಟಾಗ ಇನ್ನೊಂದು ಸಲ. ನೀವು ಕೆ ಕೀಲಿ ಒತ್ತಿದಾಗ ಪ್ರೊಸೆಸರ್‌ಗೆ 37 ಎಂಬ ಸಂಖ್ಯೆ ಸಿಗುತ್ತದೆ. ಬೆರಳು ಎತ್ತಿದಾಗ 165 ಸಿಗುತ್ತದೆ. ಎರಡರ ನಡುವಿನ ವ್ಯತ್ಯಾಸ 128. ಎಲ್ಲ ಅಕ್ಷರದ ಕೀಲಿಗಳಿಗೂ ಇದೇ ಲೆಕ್ಕ: ಒತ್ತಿದ ಸಂಖ್ಯೆಗೆ 128 ಕೂಡಿಸಿದರೆ ಬಿಟ್ಟ ಸಂಖ್ಯೆ. ಶಿಫ್ಟ್ ಕೀಲಿಯನ್ನು ಇನ್ನೂ ಹಿಡಿದಿದ್ದೀರೋ ಬಿಟ್ಟಿರೋ ಎಂಬುದು ಕಂಪ್ಯೂಟರಿಗೆ ತಿಳಿಯುವುದು ಹೀಗೆಯೇ.

ಹೀಗೆ ಪ್ರೊಸೆಸರ್ ತನ್ನ ಪಾಡಿಗೆ ಏನೋ ಲೆಕ್ಕ ಮಾಡುತ್ತಿರುವಾಗ ಹೊರಗಿನ ಒಂದು ಸಾಧನ ‘ಇಲ್ಲಿ ನೋಡು’ ಎಂದು ಕರೆಯುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಈ ಕರೆಗೆ ಹಳೆಯ ಕಂಪ್ಯೂಟರು ಎಷ್ಟು ಬೇಗ ಓಗೊಡುತ್ತದೆ, ಒಂದು ಸೆಕೆಂಡಿನಲ್ಲಿ ಎಷ್ಟು ಕರೆಗಳನ್ನು ತಪ್ಪಿಸಿಕೊಳ್ಳದೆ ನಿಭಾಯಿಸುತ್ತದೆ ಎಂಬುದನ್ನು ನೀವೇ ಅಳೆಯಬಹುದು. ಇದಕ್ಕೆ ಬೇಕಾಗುವುದು ಯಾರಿಗೂ ಬೇಡವಾಗಿ ಮೂಲೆ ಸೇರಿದ ಒಂದು ಪಿಸಿ ಮತ್ತು ಒಂದಷ್ಟು ತಾಳ್ಮೆ.

ಮೊದಲು ಯಂತ್ರದ ಒಳಗೆ ಹೋಗೋಣ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇಂಟೆಲ್ 8088 ಎಂಬ ಪ್ರೊಸೆಸರ್ ಇತ್ತು. ಅದು ಸೆಕೆಂಡಿಗೆ 47 ಲಕ್ಷ 70 ಸಾವಿರ ಸಲ ಮಿಡಿಯುತ್ತಿತ್ತು. ಒಂದು ಮಿಡಿತಕ್ಕೆ ಒಂದು ಟಿಕ್ ಎನ್ನೋಣ. ಒಂದು ಟಿಕ್ ಅಂದರೆ ಸುಮಾರು 0.21 ಮೈಕ್ರೋಸೆಕೆಂಡ್. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಈ ಬರಹದಲ್ಲಿ ಮುಂದೆಲ್ಲ ಅದೇ ನಮ್ಮ ಅಳತೆಗೋಲು.

ಪ್ರೊಸೆಸರ್ ಪಕ್ಕದಲ್ಲಿ 8259 ಎಂಬ ಇನ್ನೊಂದು ಚಿಪ್ ಇತ್ತು. ಅದಕ್ಕೆ ಎಂಟು ತಂತಿ, 0ರಿಂದ 7ರವರೆಗೆ. 0 ಟೈಮರ್‌ನದು, 1 ಕೀಲಿಮಣೆಯದು, 3 ಮತ್ತು 4 ಸೀರಿಯಲ್ ಪೋರ್ಟಿನವು, 6 ಫ್ಲಾಪಿಯದು, 7 ಪ್ರಿಂಟರಿನದು. ಎರಡು ತಂತಿಗಳಲ್ಲಿ ಒಟ್ಟಿಗೆ ಕರೆ ಬಂದರೆ ಚಿಕ್ಕ ಸಂಖ್ಯೆಯ ತಂತಿಗೇ ಮೊದಲ ಮರ್ಯಾದೆ. ಪಾಪ, ಪ್ರಿಂಟರ್ ಎಲ್ಲರಿಗಿಂತ ಕೊನೆ. 1984ರ ಪಿಸಿ ಎಟಿಯಲ್ಲಿ ಇಂಥ ಎರಡನೇ ಚಿಪ್ ಸೇರಿಸಿ ಕರೆಗಳ ಸಂಖ್ಯೆಯನ್ನು 15ಕ್ಕೆ ಏರಿಸಿದರು. 16 ಆಗಬೇಕಿತ್ತಲ್ಲ ಎಂದು ಕೇಳುತ್ತೀರಾ? ಎರಡನೇ ಚಿಪ್ಪನ್ನು ಮೊದಲನೆಯದಕ್ಕೆ ಜೋಡಿಸಲು ಒಂದು ತಂತಿ ಖರ್ಚಾಯಿತು.

ಕೀಲಿಮಣೆಯಿಂದ ಕರೆ ಬಂತು ಎನ್ನೋಣ. 8259 ಅದನ್ನು ಪ್ರೊಸೆಸರ್‌ಗೆ ತಲುಪಿಸುತ್ತದೆ. ಪ್ರೊಸೆಸರ್ ತಕ್ಷಣ ತಿರುಗುವುದಿಲ್ಲ, ಕೈಯಲ್ಲಿರುವ ಆದೇಶವನ್ನು ಪೂರ್ತಿ ಮುಗಿಸುತ್ತದೆ. ಆಮೇಲೆ ‘ಯಾರು ಕರೆದದ್ದು?’ ಎಂದು 8259ಅನ್ನು ಕೇಳುತ್ತದೆ. ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ. ಕೀಲಿಮಣೆಗೆ ಆ ಸಂಖ್ಯೆ 9. ಈಗ ಪ್ರೊಸೆಸರ್ ತಾನು ಎಲ್ಲಿದ್ದೆ, ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನು ಆರು ಬೈಟ್‌ಗಳಲ್ಲಿ ಮೆಮೊರಿಯಲ್ಲಿ ಬರೆದಿಡುತ್ತದೆ. ಬರೆದಿಡದಿದ್ದರೆ ವಾಪಸು ಬರುವ ದಾರಿಯೇ ತಪ್ಪುತ್ತದೆ. ಮೆಮೊರಿಯ ಮೊಟ್ಟಮೊದಲ 1024 ಬೈಟ್‌ಗಳಲ್ಲಿ 256 ವಿಳಾಸಗಳಿವೆ, ಒಂದೊಂದಕ್ಕೆ ನಾಲ್ಕು ಬೈಟ್. ಒಂಬತ್ತನೆಯ ವಿಳಾಸ ಬೇಕೆಂದರೆ ಒಂಬತ್ನಾಲ್ಕಲೆ ಮೂವತ್ತಾರು: 36ರಿಂದ 39ರವರೆಗಿನ ನಾಲ್ಕು ಬೈಟ್ ಓದಿದರೆ ಸಾಕು, ಕೀಲಿಮಣೆಯನ್ನು ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಂ ಎಲ್ಲಿದೆ ಎಂದು ತಿಳಿಯುತ್ತದೆ. ಪ್ರೊಸೆಸರ್ ಅಲ್ಲಿಗೆ ಜಿಗಿದು 37ನ್ನು ಓದಿ, 8259ಕ್ಕೆ ‘ಆಯಿತು’ ಎಂದು ಹೇಳಿ, ಬರೆದಿಟ್ಟ ಆರು ಬೈಟ್‌ಗಳನ್ನು ನೋಡಿಕೊಂಡು ಬಿಟ್ಟ ಜಾಗಕ್ಕೇ ಮರಳುತ್ತದೆ. ನಿಲ್ಲಿಸಿದ ಲೆಕ್ಕ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಮತ್ತೆ ಮತ್ತೆ ಯೋಚಿಸಿದರೂ ನನಗೆ ಬೆರಗು ಹುಟ್ಟಿಸುವುದು ಈ ಕೊನೆಯ ಮಾತು. ಮಧ್ಯದಲ್ಲಿ ಯಾರೋ ನಿಲ್ಲಿಸಿದರು ಎಂಬುದು ಆ ಲೆಕ್ಕಕ್ಕೆ ತಿಳಿಯುವುದೇ ಇಲ್ಲ. ನೀವು ಸುಮ್ಮನೆ ಕೂತಿದ್ದರೂ ಟೈಮರ್ ಮಾತ್ರ ಸೆಕೆಂಡಿಗೆ 18.2 ಸಲ ಕರೆಯುತ್ತಲೇ ಇರುತ್ತದೆ. (ಆ ಹದಿನೆಂಟಕ್ಕೂ ನಮ್ಮ ಕೊಟ್ಟೂರಿನ ಹದಿನೆಂಟಕ್ಕೂ ನಂಟಿಲ್ಲ.) ಪಿಸಿಯ ಪರದೆಯ ಮೇಲಿನ ಗಡಿಯಾರ ನಡೆಯುತ್ತಿದ್ದದ್ದು ಆ ಕರೆಗಳನ್ನು ಎಣಿಸಿಕೊಂಡೇ.

ಈ ಉಪಾಯ ಹುಟ್ಟಿದ್ದು ಪಿಸಿಗಿಂತ ಬಹಳ ಹಿಂದೆ. 1956ರ ಸುಮಾರಿಗೆ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ವಿಮಾನದ ಮಾದರಿಗಳನ್ನು ಪರೀಕ್ಷಿಸುವ ಗಾಳಿಸುರಂಗಗಳಿದ್ದವು. ಸುರಂಗದಲ್ಲಿ ಭೋರೆಂದು ಗಾಳಿ ಬೀಸುವುದು ಆಗೊಮ್ಮೆ ಈಗೊಮ್ಮೆ. ಅದಕ್ಕಾಗಿ ಯುನಿವ್ಯಾಕ್ 1103ಎ ಎಂಬ ದುಬಾರಿ ಕಂಪ್ಯೂಟರನ್ನು ದಿನವಿಡೀ ಕಾಯಿಸಿ ಕೂರಿಸಲು ಯಾರಿಗೆ ಮನಸ್ಸಾಗುತ್ತದೆ? ಅದು ಬೇರೆ ಲೆಕ್ಕ ಮಾಡುತ್ತಿರಲಿ, ಸುರಂಗದಿಂದ ಅಳತೆಗಳು ಬಂದಾಗ ನಿಲ್ಲಿಸಿ ಅವನ್ನು ತೆಗೆದುಕೊಳ್ಳಲಿ ಎಂದು ಇಂಟರಪ್ಟ್ ಸೌಕರ್ಯ ಅಳವಡಿಸಿದರು. ಗಾಳಿಸುರಂಗ ಎಂದಾಗ ದೂರದ ದೇಶವನ್ನೇ ನೆನೆಯಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಎಎಲ್‌ನಲ್ಲಿ, ಶಬ್ದದ ವೇಗವನ್ನೂ ಮೀರಿ ಗಾಳಿ ಹರಿಸಬಲ್ಲ 1.2 ಮೀಟರ್ ಸುರಂಗ 1967ರಿಂದ ಇದೆ. ಅದೇ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದರು. ಅದರೊಳಗೆ ಕೂತಿದ್ದವು ನಾಲ್ಕು ಇಂಟೆಲ್ 8086 ಪ್ರೊಸೆಸರ್‌ಗಳು. ನಾವು ಈಗ ಅಳೆಯಹೊರಟ ಹಳೆಯ ಪಿಸಿಯ 8088 ಇವುಗಳ ಒಡಹುಟ್ಟಿದ ತಮ್ಮ.

ಇಂಟರಪ್ಟ್ ಎಂದರೆ ಮೊದಮೊದಲು ಹೆದರಿದವರೂ ಉಂಟು, ಅದೂ ಎಂಥವರು! ನೆದರ್‌ಲೆಂಡ್ಸಿನ ಎಡ್ಸ್‌ಖರ್ ಡೈಕ್‌ಸ್ಟ್ರಾ ಕಂಪ್ಯೂಟರ್ ವಿಜ್ಞಾನದ ಬಹು ದೊಡ್ಡ ಹೆಸರು. ಎಕ್ಸ್1 ಎಂಬ ಯಂತ್ರಕ್ಕೆ ಇಂಟರಪ್ಟ್ ಸೇರಿಸುತ್ತೇವೆ ಎಂದು ಜೊತೆಗಾರರು ಹೇಳಿದಾಗ ಅವರಿಗೆ ದಿಗಿಲಾಯಿತು. ಕರೆ ಯಾವ ಕ್ಷಣದಲ್ಲಿ ಬರುತ್ತದೆಂದು ಹೇಳಲಾಗದು. ಇವತ್ತು ಒಂದು ಆದೇಶದ ನಡುವೆ ಬಂದದ್ದು ನಾಳೆ ಇನ್ನೊಂದರ ನಡುವೆ ಬರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಅದು ಒಮ್ಮೆ ಕಾಣಿಸಿಕೊಂಡು ಮತ್ತೆ ಕೈಗೆ ಸಿಗದೆ ಹೋಗಬಹುದು. ಕೊನೆಗೆ ಅವರೇ ಅದನ್ನು ಜಾಗ್ರತೆಯಿಂದ ನಿಭಾಯಿಸುವ ಪ್ರೋಗ್ರಾಂ ಬರೆದರು. 1959ರ ಅವರ ಪಿಎಚ್‌.ಡಿ. ಪ್ರಬಂಧ ಅದರ ಮೇಲೆಯೇ.

ಈಗ ವೇಗದ ಮಾತು. ನಿಧಾನವಾಗಿ ಓಗೊಟ್ಟರೆ ಆಗುವ ನಷ್ಟವಾದರೂ ಏನು? ಕೀಲಿಮಣೆಯ ಮಟ್ಟಿಗೆ ಏನೂ ಇಲ್ಲ. ಮನುಷ್ಯರ ಬೆರಳು ಎಷ್ಟೇ ಚುರುಕಾಗಿದ್ದರೂ ಪ್ರೊಸೆಸರ್‌ನ ಲೆಕ್ಕದಲ್ಲಿ ಅದು ಬಲು ನಿಧಾನ. ಹೊಸಪೇಟೆ ಕಡೆ ಅದಿರು ಹೊತ್ತು ಓಡುವ ಗೂಡ್ಸ್ ರೈಲು ನೋಡಿದ್ದೀರಲ್ಲ, ಅದರ ಗಾಲಿಗಳನ್ನು ಎಣಿಸುವುದೂ ಕಷ್ಟವಲ್ಲ. ವ್ಯಾಗನ್ನಿನ ಜೋಡಿ ಅಚ್ಚುಗಳ ನಡುವೆ 2 ಮೀಟರ್ ಅಂತರ. ರೈಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಗಾಲಿ ದಾಟಿ ಇನ್ನೊಂದು ಬರಲು 0.12 ಸೆಕೆಂಡು, ಅಂದರೆ 1,20,000 ಮೈಕ್ರೋಸೆಕೆಂಡ್ ಬೇಕು. 1981ರ ಪಿಸಿಗೂ ಇದು ಲೀಲಾಜಾಲ.

ಪಂಪಿನ ಮೋಟಾರಿಗೆ ಬನ್ನಿ. ಅದು ನಿಮಿಷಕ್ಕೆ 2900 ಸುತ್ತು ತಿರುಗುತ್ತದೆ ಎನ್ನಿ. ಅದರ ಅಚ್ಚಿಗೆ 60 ತೂತಿನ ಒಂದು ಬಿಲ್ಲೆ ಸಿಕ್ಕಿಸಿ, ತೂತಿನ ಮೂಲಕ ಬೆಳಕು ಬಿದ್ದಾಗಲೆಲ್ಲ ಒಂದು ಕರೆ ಹೋಗುವಂತೆ ಮಾಡಿದರೆ ಸೆಕೆಂಡಿಗೆ 2900 ಕರೆ. ಎರಡು ಕರೆಗಳ ನಡುವೆ ಸಿಗುವುದು ಬರೀ 345 ಮೈಕ್ರೋಸೆಕೆಂಡ್. ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಅದಕ್ಕಿಂತ ಬಿಗಿಯಾದದ್ದು ಸೀರಿಯಲ್ ಪೋರ್ಟ್. ಎರಡು ಕಂಪ್ಯೂಟರುಗಳು ಒಂದು ತಂತಿಯ ಮೇಲೆ ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಮಾತಾಡುತ್ತಿದ್ದರೆ, ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್ ಆದ್ದರಿಂದ, ಸೆಕೆಂಡಿಗೆ 11,520 ಬೈಟ್ ಬರುತ್ತವೆ. ಪ್ರತಿ 87 ಮೈಕ್ರೋಸೆಕೆಂಡಿಗೆ ಒಂದು! ಮೊದಲ ಪಿಸಿಗಳ ಸೀರಿಯಲ್ ಪೋರ್ಟಿನಲ್ಲಿದ್ದ 8250 ಚಿಪ್ ಬಂದ ಬೈಟ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ಮುಂದಿನದು ಬಂದು ತಲುಪುವ ಮೊದಲು ಪ್ರೊಸೆಸರ್ ಅದನ್ನು ಒಯ್ಯಬೇಕು. ಒಯ್ಯದಿದ್ದರೆ ಹಳೆಯದು ಅಳಿಸಿಹೋಗುತ್ತದೆ. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ‘ಕೊಟ್ಟೂರು’ ಪದಕ್ಕೆ 24 ಬೈಟ್ ಬೇಕು. ಅವುಗಳಲ್ಲಿ ಒಂದೇ ಒಂದು ಕಳೆದರೂ ಆ ಕಡೆ ನಮ್ಮ ಊರಿನ ಹೆಸರು ಕೆಟ್ಟು ಬರುತ್ತದೆ.

ಇದಕ್ಕೆ ಎಂಜಿನಿಯರುಗಳು ಮಾಡಿದ ಪರಿಹಾರ ನನಗೆ ಬಹಳ ಇಷ್ಟ. ಅವರು ಪ್ರೊಸೆಸರನ್ನು ಇನ್ನೂ ಬೇಗ ಓಡಿಸಲು ಹೋಗಲಿಲ್ಲ. 16550ಎ ಎಂಬ ಹೊಸ ಸೀರಿಯಲ್ ಚಿಪ್ಪಿನೊಳಗೆ 16 ಬೈಟ್ ಹಿಡಿಯುವ ಜಾಗ ಇಟ್ಟರು. 87ರ ಬದಲು ಸುಮಾರು 1400 ಮೈಕ್ರೋಸೆಕೆಂಡ್ ಬಿಡುವು ಸಿಕ್ಕಿತು. ಅಷ್ಟೇ ಸಾಕಾಯಿತು.

ಅಂದಹಾಗೆ, ಆ 87 ಮೈಕ್ರೋಸೆಕೆಂಡಿನಲ್ಲಿ ಎಷ್ಟು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಬೇಕು. ಕೈಯಲ್ಲಿರುವ ಆದೇಶ ಮುಗಿಯುವವರೆಗೆ ಪ್ರೊಸೆಸರ್ ತಿರುಗುವುದಿಲ್ಲ ಎಂದೆ. ಕೂಡುವ ಆದೇಶವಾದರೆ ಮೂರೇ ಟಿಕ್‌ಗಳಲ್ಲಿ ಮುಗಿಯಬಹುದು. ಭಾಗಾಕಾರವಾದರೆ? 8086 ಕುಟುಂಬದಲ್ಲಿ ಋಣ ಸಂಖ್ಯೆಗಳನ್ನೂ ಒಳಗೊಂಡ ಒಂದು ದೊಡ್ಡ ಭಾಗಾಕಾರಕ್ಕೆ 184 ಟಿಕ್‌ಗಳವರೆಗೆ ಬೇಕು. 38 ಮೈಕ್ರೋಸೆಕೆಂಡ್ ಅಲ್ಲೇ ಹೋಯಿತು. ನಿಮಗೂ ಭಾಗಾಕಾರವೇ ಕಷ್ಟ, ಅದಕ್ಕೂ ಭಾಗಾಕಾರವೇ ಕಷ್ಟ. ಆಮೇಲೆ ಇದ್ದ ಸ್ಥಿತಿ ಬರೆದಿಟ್ಟು, ವಿಳಾಸ ಓದಿ, ಜಿಗಿಯಲು 8086ಕ್ಕೆ 61 ಟಿಕ್, ಅಂದರೆ ಸುಮಾರು 13 ಮೈಕ್ರೋಸೆಕೆಂಡ್. ಪಿಸಿಯ 8088ರಲ್ಲಿ ಮೆಮೊರಿಯ ದಾರಿ 16 ಬಿಟ್ ಬದಲು 8 ಬಿಟ್ ಅಗಲ ಮಾತ್ರ, ಆದ್ದರಿಂದ ಇನ್ನೂ ಸ್ವಲ್ಪ ಹೆಚ್ಚು. ಇಷ್ಟಾದ ಮೇಲೆ ನಿಜವಾದ ಕೆಲಸ ಶುರು.

ಇದೆಲ್ಲಕ್ಕಿಂತ ದೊಡ್ಡ ತಡ ಇನ್ನೊಂದಿದೆ. ಕೆಲವು ನಾಜೂಕಿನ ಕೆಲಸ ಮಾಡುವಾಗ ಪ್ರೋಗ್ರಾಂಗಳು ‘ಈಗ ಯಾರೂ ಕರೆಯಬೇಡಿ’ ಎಂದು ಎಲ್ಲ ಕರೆಗಳನ್ನೂ ತಡೆದು ನಿಲ್ಲಿಸುತ್ತವೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎತ್ತರದ ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿದು ಸುಮ್ಮನಾಗುತ್ತದೆ. ಕಾರ್ಣಿಕದ ನುಡಿ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವುದಿಲ್ಲ. ಪ್ರೊಸೆಸರ್‌ಗೂ ಅಂಥದೇ ಒಂದು ಆದೇಶವಿದೆ. ಅದರ ಹೆಸರು ಸಿಎಲ್‌ಐ. ಅದನ್ನು ಹಿಂತೆಗೆಯುವ ಆದೇಶ ಎಸ್‌ಟಿಐ. ಎರಡರ ನಡುವೆ ಬಂದ ಕರೆಗಳೆಲ್ಲ ಬಾಗಿಲಾಚೆ ಕಾಯಬೇಕು.

ಕಾಯುವುದಕ್ಕೂ ಮಿತಿ ಇದೆ. 8259 ಚಿಪ್ ಒಂದು ತಂತಿಯಲ್ಲಿ ಕಾಯುತ್ತಿರುವ ಒಂದೇ ಕರೆಯನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಓಗೊಡುವ ಮೊದಲೇ ಅದೇ ತಂತಿಯಲ್ಲಿ ಇನ್ನೊಂದು ಕರೆ ಬಂದರೆ ಎರಡೂ ಬೆರೆತು ಒಂದೇ ಆಗುತ್ತವೆ. ಯಾರೂ ದೂರು ಹೇಳುವುದಿಲ್ಲ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಒಂದು ಎಣಿಕೆ ಕಡಿಮೆಯಾಗಿರುತ್ತದೆ, ಅಷ್ಟೆ. ಅಳೆಯದೆ ಇದು ತಿಳಿಯುವ ಬಗೆಯೇ ಇಲ್ಲ.

ಹಾಗಾದರೆ ಅಳೆಯೋಣ. ಮೊದಲ ವಿಧಾನಕ್ಕೆ ಹೊರಗಿನ ಯಾವ ಉಪಕರಣವೂ ಬೇಡ. ಪಿಸಿಯೊಳಗಿನ ಟೈಮರ್ ಚಿಪ್ ಸೆಕೆಂಡಿಗೆ 11,93,182 ಸಲ ಎಣಿಸುತ್ತದೆ, ಅದೂ ಹಿಂದುಮುಂದಾಗಿ. ಅದಕ್ಕೆ 11,932 ಎಂಬ ಸಂಖ್ಯೆ ಕೊಟ್ಟರೆ ಅಲ್ಲಿಂದ ಕೆಳಗೆ ಎಣಿಸುತ್ತ ಬಂದು, ಕೊನೆ ಮುಟ್ಟಿದಾಗ ಒಂದು ಕರೆ ಕೊಟ್ಟು, ಮತ್ತೆ 11,932ರಿಂದ ಶುರುಮಾಡುತ್ತದೆ. ಸೆಕೆಂಡಿಗೆ ಸರಿಸುಮಾರು ನೂರು ಕರೆ. ಇದರ ಸೊಗಸು ನೋಡಿ: ಕರೆ ಕೊಟ್ಟ ಮೇಲೂ ಅದು ಎಣಿಸುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ನಿಮ್ಮ ಪುಟ್ಟ ಪ್ರೋಗ್ರಾಂ ಕರೆಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಅದೇ ಟೈಮರ್ ಈಗ ಎಷ್ಟರಲ್ಲಿದೆ ಎಂದು ಓದುವುದು. 11,908 ಎಂದು ಬಂತು ಎಂದುಕೊಳ್ಳಿ. 24 ಎಣಿಕೆ ಕಳೆದಿದೆ. ಒಂದು ಎಣಿಕೆಗೆ 0.838 ಮೈಕ್ರೋಸೆಕೆಂಡ್. ಗುಣಿಸಿದರೆ 20 ಮೈಕ್ರೋಸೆಕೆಂಡ್ ತಡ. ಕರೆದವರೇ ತಡವನ್ನೂ ಅಳೆದು ಹೇಳಿದಂತಾಯಿತು!

ಇಲ್ಲೊಂದು ಸೂಕ್ಷ್ಮ ಇದೆ. ಟೈಮರನ್ನು ಓದುವುದಕ್ಕೂ ಸಮಯ ಹಿಡಿಯುತ್ತದೆ. ಅದನ್ನು ತಿಳಿಯಲು ಟೈಮರನ್ನು ಒಂದರ ಹಿಂದೊಂದು ಎರಡು ಸಲ ಓದಿ ವ್ಯತ್ಯಾಸ ನೋಡಿ, ಆ ಖರ್ಚನ್ನು ಲೆಕ್ಕದಿಂದ ಕಳೆಯಿರಿ. ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸದಂತೆ ನೋಡಿಕೊಳ್ಳುವುದು ವಿಜ್ಞಾನದ ಯಾವ ಶಾಖೆಗೆ ಹೋದರೂ ಬೇಕಾಗುವ ಪಾಠ. ಮತ್ತೊಂದು ಮಾತು: ಪಿಸಿಯ ಟೈಮರ್ ಮಾಮೂಲಿಯಾಗಿ ಮೂರನೇ ರೀತಿಯಲ್ಲಿ ಓಡುತ್ತದೆ, ಆಗ ಅದು ಎರಡೆರಡಾಗಿ ಇಳಿಯುತ್ತದೆ. ಎರಡನೇ ರೀತಿಗೆ ಬದಲಿಸಿದರೆ ಒಂದೊಂದಾಗಿ ಇಳಿದು ಲೆಕ್ಕ ಸರಳವಾಗುತ್ತದೆ. ಇದನ್ನು ಮರೆತರೆ ಉತ್ತರ ಎರಡು ಪಟ್ಟಾಗುತ್ತದೆ.

ಇಂಥ ಪ್ರೋಗ್ರಾಂ ಬರೆಯಲು ಫ್ರೀಡಾಸ್ ಎಂಬ ಉಚಿತ ಡಾಸ್ ವ್ಯವಸ್ಥೆ ಒಳ್ಳೆಯದು. ಅಣ್ಣ ಅಕ್ಕಂದಿರು ಕಾಲೇಜಿನಲ್ಲಿ ಬಳಸಿದ ಟರ್ಬೊ ಸಿ ಅದರ ಮೇಲೆ ಓಡುತ್ತದೆ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪಿನಲ್ಲಿ ಡಾಸನ್ನು ಅನುಕರಿಸುವ ತಂತ್ರಾಂಶ ಹಾಕಿ ಅಳೆದರೆ ಪ್ರಯೋಜನವಿಲ್ಲ. ಅದು ಆ ತಂತ್ರಾಂಶದ ಗುಣ, ಹಳೆಯ ಯಂತ್ರದ್ದಲ್ಲ.

ಎರಡನೇ ವಿಧಾನ ನನ್ನ ಮೆಚ್ಚಿನದು, ಅದರಲ್ಲಿ ತಂತಿ ಜೋಡಿಸುವ ಖುಷಿ ಇದೆ. ಹಳೆಯ ಪಿಸಿಯ ಹಿಂಬದಿಯಲ್ಲಿ 25 ತೂತಿನ ಉದ್ದನೆಯ ಪ್ರಿಂಟರ್ ಪೋರ್ಟ್ ಇರುತ್ತದೆ. ಅದರ 2ರಿಂದ 9ನೇ ಪಿನ್‌ವರೆಗೆ ಕಂಪ್ಯೂಟರು ಹೊರಗೆ ಕಳಿಸುವ ಸಂಕೇತಗಳು. 10ನೇ ಪಿನ್ ಪ್ರಿಂಟರು ‘ತಲುಪಿತು’ ಎಂದು ತಿಳಿಸುವ ದಾರಿ. ಆ ಪಿನ್ ಏರಿಳಿದರೆ 7ನೇ ತಂತಿಯಲ್ಲಿ ಇಂಟರಪ್ಟ್ ಬರುತ್ತದೆ. 25ನೇ ಪಿನ್ ನೆಲ, ಅಂದರೆ ಗ್ರೌಂಡ್. ಸಾಮಾನ್ಯವಾಗಿ ಈ ಪೋರ್ಟಿನ ವಿಳಾಸ 888, ಅದನ್ನು ಹತೋಟಿಯಲ್ಲಿಡುವ ವಿಳಾಸ 890.

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಆರ್ಡುಯಿನೋ ಎಂಬ ಅಂಗೈಯಗಲದ ಬೋರ್ಡ್ ಸಿಗುತ್ತದೆ. ಅದರ ಒಂದು ಪಿನ್ನಿನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಪಿಸಿಯ 10ನೇ ಪಿನ್ನಿಗೆ ತಂತಿ ಎಳೆಯಿರಿ, ಗ್ರೌಂಡ್‌ಗೆ ಗ್ರೌಂಡ್ ಸೇರಿಸಿ. ಆರ್ಡುಯಿನೋ 10,000 ಸಂಕೇತಗಳನ್ನು ಕಳಿಸಲಿ. ಪಿಸಿಯಲ್ಲಿ ಕರೆ ಬಂದಾಗಲೆಲ್ಲ ಒಂದು ಕೂಡಿಸುವ ಪ್ರೋಗ್ರಾಂ ಇರಲಿ. ಮೊದಲು ಎರಡು ಸಂಕೇತಗಳ ನಡುವೆ 1000 ಮೈಕ್ರೋಸೆಕೆಂಡ್ ಬಿಡಿ. ಪಿಸಿ ಎಷ್ಟು ಎಣಿಸಿತು? 10,000 ಬಂದರೆ ಅಂತರವನ್ನು 500ಕ್ಕೆ ಇಳಿಸಿ. ಆಮೇಲೆ 200, 100, 50. ಎಲ್ಲೋ ಒಂದು ಕಡೆ 10,000ದ ಬದಲು 9,990ರಂಥ ಸಂಖ್ಯೆ ಬರುತ್ತದೆ. ಅಲ್ಲಿ ನಿಲ್ಲಿ. ಆ ಯಂತ್ರ ಕರೆಗಳನ್ನು ಕಳೆದುಕೊಳ್ಳಲು ಶುರುಮಾಡುವ ಗಡಿ ಅದು.

ಕೆಲವೊಮ್ಮೆ 10,000ಕ್ಕಿಂತ ಹೆಚ್ಚೂ ಬರಬಹುದು! ಗಾಬರಿಯಾಗಬೇಡಿ. ತಂತಿಯಲ್ಲಿ ಗದ್ದಲವಿದ್ದು, ಕರೆದ ಸಂಕೇತ ಪ್ರೊಸೆಸರ್ ‘ಯಾರು?’ ಎಂದು ಕೇಳುವಷ್ಟರಲ್ಲಿ ಮಾಯವಾದರೆ, 8259 ಏನಾದರೂ ಉತ್ತರ ಕೊಡಲೇಬೇಕಾದ್ದರಿಂದ ‘ಏಳನೇ ತಂತಿ’ ಎಂದುಬಿಡುತ್ತದೆ. ಆ ಚಿಪ್ಪಿನ ಸ್ವಭಾವವೇ ಹಾಗೆ. ತಂತಿ ಗಿಡ್ಡದಾಗಿದ್ದರೆ, ಗ್ರೌಂಡ್ ಗಟ್ಟಿಯಾಗಿ ಕೂತಿದ್ದರೆ ಈ ಕಳ್ಳ ಕರೆಗಳು ಕಡಿಮೆಯಾಗುತ್ತವೆ.

ಪಿಸಿಯ 2ನೇ ಪಿನ್ನಿನಿಂದ ಆರ್ಡುಯಿನೋಗೆ ಇನ್ನೊಂದು ತಂತಿ ಎಳೆದರೆ ಓಗೊಡುವ ತಡವನ್ನೂ ಇದೇ ಜೋಡಣೆಯಲ್ಲಿ ನೋಡಬಹುದು. ಕರೆ ಬಂದೊಡನೆ ಪಿಸಿ ತನ್ನ 2ನೇ ಪಿನ್ನನ್ನು ಮೇಲೆತ್ತಲಿ. ಆರ್ಡುಯಿನೋ ಕರೆದ ಕ್ಷಣದಿಂದ ಆ ಪಿನ್ ಏರುವವರೆಗಿನ ಕಾಲ ಅಳೆಯಲಿ. ಅದರ ಮಾಮೂಲಿ ಗಡಿಯಾರ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಎಣಿಸುತ್ತದೆ, ಶುರುವಿಗೆ ಸಾಕು. ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಆಸಿಲೋಸ್ಕೋಪ್ ಬೇಕು. ಹೊಸಪೇಟೆ, ಬಳ್ಳಾರಿ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಅದು ಇರುತ್ತದೆ. ನಿಮ್ಮ ಮೇಷ್ಟ್ರು ಕೇಳಿದರೆ ಯಾರೂ ಇಲ್ಲ ಎನ್ನಲಾರರು. ಪರದೆಯ ಮೇಲೆ ಎರಡು ಗೆರೆ ಮೂಡುತ್ತವೆ, ಒಂದು ಕರೆ, ಒಂದು ಉತ್ತರ. ಮೊದಲನೆಯದು ನಿಂತಲ್ಲೇ ನಿಂತಿರುತ್ತದೆ. ಎರಡನೆಯದು ಅತ್ತಿತ್ತ ನಡುಗುತ್ತಿರುತ್ತದೆ. ಯಾಕೆಂದರೆ ಪ್ರತಿ ಸಲವೂ ಪ್ರೊಸೆಸರ್ ಬೇರೆ ಬೇರೆ ಆದೇಶದ ನಡುವೆ ಸಿಕ್ಕಿಬಿದ್ದಿರುತ್ತದೆ. ಒಮ್ಮೆ ಕೂಡುತ್ತಿರುತ್ತದೆ, ಒಮ್ಮೆ ಭಾಗಿಸುತ್ತಿರುತ್ತದೆ. ಡೈಕ್‌ಸ್ಟ್ರಾ ಅವರನ್ನು ಹೆದರಿಸಿದ ಅನಿಶ್ಚಿತತೆಯನ್ನು ಆ ನಡುಗುವ ಗೆರೆಯಲ್ಲಿ ಕಣ್ಣಾರೆ ಕಾಣಬಹುದು.

ಅಳೆಯುವಾಗ ಫ್ಲಾಪಿ ಓದಿಸಿ, ಕೀಲಿಗಳನ್ನು ಒತ್ತಿ, ಪರದೆಯ ಮೇಲೆ ಅಕ್ಷರ ಹರಿಸಿ. ಏನೂ ಕೆಲಸವಿಲ್ಲದ ಯಂತ್ರ ಬೇಗ ಓಗೊಡುವುದರಲ್ಲಿ ಹೆಚ್ಚುಗಾರಿಕೆ ಇಲ್ಲ. ಫಲಿತಾಂಶದಲ್ಲಿ ಸರಾಸರಿಯನ್ನು ಮಾತ್ರ ಬರೆಯಬೇಡಿ. ಹತ್ತು ಸಾವಿರ ಕರೆಗಳಲ್ಲಿ 9,999ಕ್ಕೆ 20 ಮೈಕ್ರೋಸೆಕೆಂಡಿನಲ್ಲಿ ಉತ್ತರ ಬಂದು, ಒಂದಕ್ಕೆ ಮಾತ್ರ 300 ಹಿಡಿದರೆ ಸರಾಸರಿ 20ರ ಹತ್ತಿರವೇ ನಿಲ್ಲುತ್ತದೆ. ಆದರೆ ಬೈಟ್ ಕಳೆದುಹೋಗುವುದು ಆ ಒಂದರಲ್ಲಿ. ಅತಿ ಹೆಚ್ಚಿನ ತಡವೇ ಆ ಯಂತ್ರದ ನಿಜವಾದ ಗುಣ ಎಂಬುದು ನನ್ನ ತೀರ್ಮಾನ.

ಹಲವು ಯಂತ್ರಗಳನ್ನು ಅಳೆದರೆ ಒಂದು ವಿಚಿತ್ರ ಎದುರಾಗುತ್ತದೆ. 100 ಮೆಗಾಹರ್ಟ್ಸಿನ ಪೆಂಟಿಯಂ 1981ರ ಪಿಸಿಗಿಂತ 21 ಪಟ್ಟು ಬೇಗ ಮಿಡಿಯುತ್ತದೆ, ಒಂದೊಂದು ಮಿಡಿತದಲ್ಲಿ ಮಾಡುವ ಕೆಲಸವೂ ಹೆಚ್ಚು. ಆದರೂ ಪ್ರಿಂಟರ್ ಪೋರ್ಟಿಗೆ ಒಂದು ಸಂಖ್ಯೆ ಬರೆಯಲು, 8259ಕ್ಕೆ ‘ಆಯಿತು’ ಎನ್ನಲು ಅದು ಸಾಧನಗಳಿಗೆ ಹೋಗುವ ಐಎಸ್‌ಎ ಎಂಬ ಹಳೆಯ ದಾರಿಯಲ್ಲೇ ಹೋಗಬೇಕು. ಆ ದಾರಿ ಮಿಡಿಯುವುದು ಸುಮಾರು 8 ಮೆಗಾಹರ್ಟ್ಸಿನಲ್ಲಿ. ಒಂದು ಸಲ ಹೋಗಿಬರಲು ಹತ್ತಿರ ಹತ್ತಿರ ಒಂದು ಮೈಕ್ರೋಸೆಕೆಂಡ್ ಬೇಕು. ಪ್ರೊಸೆಸರ್ ಎಷ್ಟೇ ಚುರುಕಾದರೂ ಆ ಮೈಕ್ರೋಸೆಕೆಂಡುಗಳು ಕರಗುವುದಿಲ್ಲ.

ಇನ್ನೂ ಹೊಸ ಯಂತ್ರಗಳಲ್ಲಿ ಮತ್ತೊಂದು ಗುಟ್ಟಿದೆ. 1990ರಲ್ಲಿ ಬಂದ ಇಂಟೆಲ್ 386ಎಸ್‌ಎಲ್ ಪ್ರೊಸೆಸರ್‌ನಿಂದ ಶುರುವಾಗಿ ಎಸ್‌ಎಂಐ ಎಂಬ ಅಡಗಿದ ಇಂಟರಪ್ಟ್ ಇದೆ. ವಿದ್ಯುತ್ ಉಳಿಸಲು, ಯುಎಸ್‌ಬಿ ಕೀಲಿಮಣೆಯನ್ನು ಹಳೆಯ ಕೀಲಿಮಣೆಯಂತೆ ತೋರಿಸಲು ಅದನ್ನು ಬಳಸುತ್ತಾರೆ. ಅದು ಬಂದಾಗ ಇಡೀ ಪ್ರೊಸೆಸರ್ ನಿಮ್ಮ ಪ್ರೋಗ್ರಾಮಿಗೆ ಹೇಳದೆ ಬೇರೆ ಕಡೆ ಹೋಗಿಬರುತ್ತದೆ. ಸಿಎಲ್‌ಐ ಕೂಡ ಅದನ್ನು ತಡೆಯಲಾರದು. ಹಾಗಾಗಿ ಹೊಸ ಪಿಸಿಯ ಸರಾಸರಿ ತಡ ಕಡಿಮೆಯಾಗಿದ್ದರೂ, ಅತಿ ಹೆಚ್ಚಿನ ತಡ ಹಳೆಯದಕ್ಕಿಂತ ಹೆಚ್ಚಾಗಿ ಬರುವುದುಂಟು. ಬಯೋಸ್ ಪರದೆಗೆ ಹೋಗಿ ಯುಎಸ್‌ಬಿ ಲೆಗಸಿ ಎಂಬ ಆಯ್ಕೆಯನ್ನು ಆಫ್ ಮಾಡಿ ಒಮ್ಮೆ, ಆನ್ ಮಾಡಿ ಇನ್ನೊಮ್ಮೆ ಅಳೆದು, ಎರಡು ಅಳತೆಗಳನ್ನೂ ಹೋಲಿಸಿ ನೋಡಿ. ಆ ಆಯ್ಕೆ ಆಫ್ ಆಗಿರುವಾಗ ಗುಂಡನೆಯ ಪ್ಲಗ್ಗಿನ ಕೀಲಿಮಣೆಯನ್ನೇ ಬಳಸಿ, ಇಲ್ಲವಾದರೆ ಡಾಸಿಗೆ ನಿಮ್ಮ ಕೀಲಿ ಕೇಳಿಸುವುದಿಲ್ಲ.

ಯುಎಸ್‌ಬಿ ಕೀಲಿಮಣೆ ತಾನಾಗಿ ಕರೆಯುವುದೇ ಇಲ್ಲ. ಕಂಪ್ಯೂಟರಿನ ಯುಎಸ್‌ಬಿ ಚಿಪ್ಪೇ ಪ್ರತಿ 8 ಅಥವಾ 10 ಮಿಲಿಸೆಕೆಂಡಿಗೊಮ್ಮೆ ‘ಏನಾದರೂ ಇದೆಯೇ?’ ಎಂದು ಅದನ್ನು ಕೇಳುತ್ತಿರುತ್ತದೆ. ನೇರವಾಗಿ ಕರೆಯುವ ಹಳೆಯ ಶಿಸ್ತು ಈಗ ಹೆಚ್ಚು ಕಾಣಸಿಗುವುದು ಆರ್ಡುಯಿನೋದಂಥ ಪುಟ್ಟ ಬೋರ್ಡುಗಳಲ್ಲಿ. ಅದರೊಳಗಿನ ಚಿಪ್ 16 ಮೆಗಾಹರ್ಟ್ಸಿನಲ್ಲಿ ಓಡುತ್ತ, ಕರೆ ಬಂದ ಮೇಲೆ ಕನಿಷ್ಠ ನಾಲ್ಕೇ ಟಿಕ್‌ಗಳಲ್ಲಿ, ಅಂದರೆ ಕಾಲು ಮೈಕ್ರೋಸೆಕೆಂಡಿನಲ್ಲಿ ತಿರುಗಬಲ್ಲದು.

ಎಚ್ಚರಿಕೆಯ ಎರಡು ಮಾತು. ಪಿಸಿಯೊಳಗಿನ ತಗಡಿನ ಪೆಟ್ಟಿಗೆ, ಅಂದರೆ ಪವರ್ ಸಪ್ಲೈಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ. ಪ್ರಿಂಟರ್ ಪೋರ್ಟಿಗೆ 5 ವೋಲ್ಟಿಗಿಂತ ಹೆಚ್ಚು ಕೊಡಬೇಡಿ, ಮತ್ತು ತಂತಿ ಜೋಡಿಸುವಾಗ ಎರಡೂ ಯಂತ್ರ ಆರಿರಲಿ, ದೊಡ್ಡವರೊಬ್ಬರು ಜೊತೆಗಿರಲಿ.

ಕೊನೆಗೆ ನಮ್ಮ ಸುತ್ತಮುತ್ತಲಿನ ತಾಲ್ಲೂಕುಗಳ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಮಾಹಿತಿ ಸಿಂಧುವಿನಂಥ ಯೋಜನೆಗಳ ಕಾಲದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಬಂದ ಕಂಪ್ಯೂಟರುಗಳು ನಿಮ್ಮ ಶಾಲೆಯ ಯಾವುದೋ ಕೋಣೆಯಲ್ಲಿ ಇನ್ನೂ ಇದ್ದರೆ, ಎಲ್ಲವನ್ನೂ ಗುಜರಿಗೆ ಹಾಕುವ ಮುನ್ನ ಪ್ರಿಂಟರ್ ಪೋರ್ಟ್ ಇರುವ ಒಂದೇ ಒಂದನ್ನು ನಿಯಮದ ಪ್ರಕಾರ ಉಳಿಸಿ, ವಿಜ್ಞಾನ ಪ್ರಯೋಗಾಲಯದ ಮೇಜಿನ ಮೇಲೆ ಇಡಿಸಿ. ಮಕ್ಕಳ ಕೈಗೆ ಒಂದು ಆರ್ಡುಯಿನೋ, ಎರಡು ತಂತಿ ಮತ್ತು ಒಂದು ಶನಿವಾರದ ಮಧ್ಯಾಹ್ನ ಕೊಡಿ.